ಟಿವಿಗೆ ಹಾಕಿದ ಬೀಗ

ಜೂನ್ ೧೪, ಶುಕ್ರವಾರ.

ಮಗಳು ಕಂಡದ್ದೆಲ್ಲ ನೋಡ್ತಾಳೆ, ಟಿವಿಗೆ ಲಾಕ್ ಹಾಕಿ ಅಂತ ಇವರ ಹತ್ತಿರ ಬಡಕೊಂಡವಳು ನಾನೇ. ಹಾಕಿದರು ಮಹಾರಾಯರು, ಇಡೀ ಮನೆಗೇ! ದಿನವಿಡೀ ಹೊಲಿಗೆ ಮೆಷಿನ್ ತುಳಿದು ಬಂದು ನನ್ನ ಪತ್ತೇದಾರಿ ಸೀರಿಯಲ್ ಹಾಕಿದರೆ ಪಿನ್ ಕೇಳುತ್ತೆ. ಫೋನ್ ಮಾಡಿದರೆ, "ಕೆಲಸದಲ್ಲಿದ್ದೀನಿ ಕಣೇ, ಇವತ್ತೊಂದಿನ ಕಾರ್ಟೂನ್ ನೋಡು" ಅಂತ ನಗು ಬೇರೆ. ಮೈಯೆಲ್ಲ ಉರಿದುಹೋಯ್ತು.

ಪಕ್ಕದಲ್ಲಿದ್ದ ಮಗಳು, ಇನ್ನೂ ಒಂದನೇ ಕ್ಲಾಸು, ರಿಮೋಟ್ ಕಿತ್ತುಕೊಂಡು ಟಕಟಕ ಒತ್ತಿದಳು. ಸೀರಿಯಲ್ ಶುರುವಾಗೇಬಿಡ್ತು!

"ನಿಂಗೆ ಹೇಗೆ ಗೊತ್ತೇ?"

"ಅಪ್ಪ ಒತ್ತುವಾಗ ಜೋರಾಗಿ ಹೇಳ್ಕೋತಾರಲ್ಲ."

"ನಂಗೂ ಹೇಳು."

"ಊಹೂಂ. ಅಮ್ಮಂಗೆ ಹೇಳ್ಬೇಡ ಅಂದಿದ್ದಾರೆ."

ಅಂದರೆ ಬೀಗ ಬಿದ್ದಿದ್ದು ನನಗೊಬ್ಬಳಿಗೇ! ಇವರು ತಡವಾಗಿ ಬಂದು ಮಲಗಿದರು, ಈಗ ನೋಡಿದರೆ ಒಳಗೆ ಗೊರಕೆ. ಇರಲಿ, ಬೆಳಿಗ್ಗೆ ಎದ್ದು ಕಾಫಿ ಕೇಳಲಿ. ನಾನು ಪಿನ್ ಕೇಳ್ತೀನಿ.