ನಿಧಾನದ ಓಟ ಯಾರದು

ಮಂಗಳವಾರ, ಮಾರ್ಚ್ ೧೧

ನನ್ನ ಚೂಟಿಗೆ,

ಅಜ್ಜಿಯ ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಕನ್ನಡಕದ ಕಾಲು ಮುರಿದಿತ್ತು, ನಿಮ್ಮಪ್ಪ ಹೊಲಿಗೆ ದಾರ ಸುತ್ತಿ ಕೊಟ್ಟ. ಈಗ ಅವನ ಕಾಲಿಗೇ ಯಾರಾದರೂ ದಾರ ಸುತ್ತಬೇಕಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಇರುತ್ತಾನೆ. ಅದಕ್ಕೇ ಕಾಗದ.

ನೀನು ಓಟದ ಬಗ್ಗೆ ಸಂಶೋಧನೆ ಮಾಡುತ್ತೀಯೆಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಎದುರುಮನೆ ಇಸ್ತ್ರಿಯವಳಿಗೆ ನೀನು ಹೇಳಿದ್ದನ್ನೇ ಹೇಳಿದೆ. "ಉರುಳೋ ಪಟ್ಟಿ ಮೇಲೆ ಜನರನ್ನ ಓಡಿಸಿ, ಮೂತಿಗೆ ಕೊಳವೆ ಕಟ್ಟಿ ಉಸಿರು ಅಳೀತಾರೆ ಕಣೇ."

"ಪಾಪ, ಏನು ತಪ್ಪು ಮಾಡಿದ್ರಂತೆ?" ಎಂದಳು.

ನಿಮ್ಮಮ್ಮ ಹೋದ ಮೇಲೆ ನಿಮ್ಮಪ್ಪ ಹೊಲಿಗೆ ಮೆಷಿನ್ ಬಿಟ್ಟು ಏಳದೆ ಹೊಟ್ಟೆ ಬೆಳೆಸಿದ್ದು ನಿಜ. ಅಮ್ಮನ ಹಾಗೆ ಇವನಿಗೂ ಎದೆ ಕೈಕೊಟ್ಟೀತೆಂದು ನೀನು ಹೆದರಿ ಆ ಕೈಗಡಿಯಾರ ಕಳಿಸಿದ್ದೂ ಸರಿಯೇ. ಇವನೆಷ್ಟು ಓಡಿದ, ಎದೆ ಎಷ್ಟು ಬಡಿಯಿತು ಎಂಬುದೆಲ್ಲ ನಿನಗೆ ಅಲ್ಲಿ ಕೂತೇ ಕಾಣುತ್ತದೆ ಅಂದಾಗ ನಾನೂ ಬೆರಗಾದೆ. ಆದರೆ ನೀನು ಹೇಳಿದ್ದರಲ್ಲಿ ಅವನ ತಲೆಗೆ ಇಳಿದದ್ದು ಒಂದೇ ಮಾತು, ಓಡು. ಮಾತಾಡಿಕೊಂಡು ಓಡುವಷ್ಟು ನಿಧಾನವಿರಲಿ ಅಂದೆ. ಒಂದು ದಿನ ತಪ್ಪಿದರೆ ರೂಢಿಯೇನೂ ಮುರಿದುಹೋಗುವುದಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ ಅಂದೆ. ಮೈ ಗಟ್ಟಿಯಾಗಲು ವಿಶ್ರಾಂತಿಯೂ ಬೇಕು ಅಂದೆ. ಅದೆಲ್ಲ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟಿತು. ಎರಡು ಮೆಟ್ಟಿಲು ಹತ್ತಿ ಏದುಸಿರು ಬಿಡುವವನು, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ದಿನಾ ಬೆಳಗ್ಗೆ ಓಡಿದ. ಅಟ್ಟ ಹತ್ತಲಾರದವ ಬೆಟ್ಟಕ್ಕೆ ಏಣಿ ಹಾಕಿದ ಹಾಗೆ.

ಮೊಣಕಾಲು ಊದಿ ಬನ್ನಿನಂತಾಯಿತು.

"ಇವತ್ತು ಬಿಡೋ" ಅಂದೆ.

"ಆಗಲ್ಲಮ್ಮ. ಅವಳು ನೋಡ್ತಿರ್ತಾಳೆ."

"ನೋಡಿದ್ರೆ ನೋಡ್ಲಿ. ನೀನು ಅವಳಪ್ಪನೋ, ಅವಳು ನಿಮ್ಮಪ್ಪನೋ?"

ಕಾಲು ಮಡಿಸಲು ಬಾರದೆ, ನೆಟ್ಟಗೆ ಮುಂದಕ್ಕೆ ಚಾಚಿಕೊಂಡು ಬೂಟಿನ ದಾರಕ್ಕೆ ಕೈ ಎಟುಕಿಸುತ್ತಿದ್ದ. ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅವನ ಕೈಯಿಂದ ಗಡಿಯಾರ ಕಿತ್ತುಕೊಂಡೆ. "ಅವಳಿಗೆ ಲೆಕ್ಕ ತಾನೆ ಹೋಗ್ಬೇಕು? ನಾನು ಕಳಿಸ್ತೀನಿ, ಬಿದ್ಕೋ" ಎಂದು ಅದನ್ನು ನನ್ನ ಕಾಲಿನ ಹರಡಿಗೆ ಬಿಗಿದು, ಮೇಲೆ ಕಾಲುಚೀಲ ಎಳೆದು, ಹಳೇ ಮೆಷಿನ್ನಿನ ಮುಂದೆ ಕೂತೆ. ಹಾಸ್ಟೆಲಿನವರ ದಿಂಬಿನ ಚೀಲಗಳು ರಾಶಿ ಬಿದ್ದಿದ್ದವು. ಅಂಚು ಹೊಲಿಯುತ್ತಾ ತುಳಿದೆ. ಮರುದಿನವೂ ತುಳಿದೆ, ಅದರ ಮರುದಿನವೂ.

ಆ ವಾರವೇ ನಿನ್ನ ಫೋನ್ ಬಂತಲ್ಲ. "ಅಜ್ಜಿ, ಅಪ್ಪ ಕೊನೆಗೂ ದಾರಿಗೆ ಬಂದ್ರು. ನಿಧಾನ, ಒಂದೇ ಸಮ. ಎದೆಬಡಿತ ಎಷ್ಟು ಚೆನ್ನಾಗಿದೆ ಗೊತ್ತಾ? ಆದ್ರೆ ಹೋದ ದಾರಿ ಯಾಕೆ ಕಾಣ್ತಿಲ್ಲ, ನಿಂತಲ್ಲೇ ಓಡ್ತಿದ್ದಾರಾ?"

"ಹೆಚ್ಚು ಕಡಿಮೆ ಹಾಗೇನೇ" ಅಂದೆ.

ಚೂಟಿ, ನೀನು ಹೊಗಳಿದ ಎದೆ ನನ್ನದು. ಮಾತಾಡಿಕೊಂಡು ಓಡುವ ವೇಗ ಎಂದೆಯಲ್ಲ, ಇಸ್ತ್ರಿಯವಳ ಜೊತೆ ಬೀದಿಯವರ ಸಂಸಾರವನ್ನೆಲ್ಲ ಮಾತಾಡಿಕೊಂಡೇ ತುಳಿದದ್ದು.

ನಿಮ್ಮಪ್ಪ ಎಲ್ಲ ಕೇಳಿಸಿಕೊಂಡ. ನಕ್ಕು ಸುಮ್ಮನಾಗಬೇಕಿತ್ತು. "ನಾನು ಓಡಿದ್ದಕ್ಕೆ ಒಂದು ದಿನಾನೂ ಚೆನ್ನಾಗಿದೆ ಅನ್ನಲಿಲ್ಲ" ಎಂದು ಮುಖ ಊದಿಸಿಕೊಂಡ. ತಲೆಯೆಲ್ಲ ನರೆತ ಗಂಡಸು, ಹೆತ್ತ ತಾಯಿಯ ಕಾಲಿನ ಮೇಲೆ ಹೊಟ್ಟೆಕಿಚ್ಚು. ಮಾರನೇ ಬೆಳಗ್ಗೆ ನಾನು ಏಳುವುದರೊಳಗೆ ಗಡಿಯಾರ ಕಟ್ಟಿಕೊಂಡು ಹೊರಟುಬಿಟ್ಟಿದ್ದ. ಬೇಕರಿಯ ತಿರುವಿನಲ್ಲಿ ಮೊಣಕಾಲು ಕೈಕೊಟ್ಟಿತು. ಬ್ರೆಡ್ ಹಂಚುವವನು ಇವನನ್ನು ವ್ಯಾನಿನ ಹಿಂದೆ ಟ್ರೇಗಳ ನಡುವೆ ಕೂರಿಸಿ ತಂದು, "ಅಜ್ಜಿ, ಇದನ್ನ ಎಲ್ಲಿ ಇಳಿಸ್ಲಿ?" ಎಂದ.

ಗಾಬರಿಯಾಗಬೇಡ, ಎದೆಗೇನೂ ಆಗಿಲ್ಲ. ಮೊಣಕಾಲಿನೊಳಗಿನ ಮೆತ್ತೆ ಹರಿದಿದೆಯಂತೆ. ಮೂಳೆ ಡಾಕ್ಟರು ಪುಣ್ಯಾತ್ಮ, ನಿನ್ನ ಓಟವನ್ನು ಬೈಯಲಿಲ್ಲ. "ಓಡಿದ್ದು ತಪ್ಪಲ್ಲ, ನೋವಿನ ಮೇಲೆ ಓಡಿದ್ದು ತಪ್ಪು. ಇನ್ನೊಂದು ಸಲ ಹೀಗೆ ಮಾಡಿದ್ರೆ ಮೆಷಿನ್ ತುಳಿಯೋದನ್ನೂ ಮರೆತುಬಿಡಿ" ಅಂದರು. ನಲವತ್ತು ವರ್ಷದಿಂದ ತುಳಿದ ಕಾಲು, ಅದೇ ನಮ್ಮ ಅನ್ನ. ಇಷ್ಟಾದರೂ ಇವನಿಗೆ ಬುದ್ಧಿ ಬಂತೇ? ನಾನು ಹೊಲಿದ ದಿಂಬಿನ ಮೇಲೆ ಕಾಲಿಟ್ಟುಕೊಂಡು, ಗಡಿಯಾರದ ಕೈಯನ್ನು ಮಲಗಿದಲ್ಲೇ ಬೀಸುತ್ತಾನೆ, ಲೆಕ್ಕ ಹೋಗಲಿ ಅಂತ. ನೋಡಿದವರು ಸೊಳ್ಳೆ ಕಾಟ ಅಂದುಕೊಳ್ಳಬೇಕು. ಸೋಮವಾರದಿಂದ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಮತ್ತೆ ಓಡುತ್ತಾನಂತೆ. "ಅವಳಿಗೆ ಹೇಳಿದ್ರೆ ನೋಡು" ಎಂದು ನನಗೇ ಗದರುತ್ತಾನೆ.

ನಾನು ಹೇಳಿದರೆ ಮುದುಕಿಯ ವಟವಟ. ನಿನ್ನ ಮಾತಾದರೆ ವಿಜ್ಞಾನ. ನೀನೇ ಹೇಳು, ಗಟ್ಟಿಯಾಗಿ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು. ಬೇರೆಯವರ ಉಸಿರು ಅಳೆಯುವುದರಲ್ಲಿ ನಿನ್ನ ಉಸಿರು ಕಳೆದುಕೊಳ್ಳಬೇಡ. ನೂರು ಕಾಲ ಬಾಳು, ಅರ್ಧದಷ್ಟಾದರೂ ನಡೆದುಕೊಂಡೇ ಬಾಳು.

ಇಂತಿ,
ಬೈದು ಬೈದೇ ನಿನ್ನನ್ನು ಬೆಳೆಸಿದ
ಅಜ್ಜಿ

ಮಡಿಸುವ ಮೊದಲು ಇನ್ನೊಂದು ಮಾತು. ಕಾಲು ಹೋದರೂ ಓಡ್ತೀನಿ ಅಂತೀಯಲ್ಲೋ, ಯಾಕೋ ಎಂದು ಬೆಳಗ್ಗೆ ನಿಮ್ಮಪ್ಪನನ್ನು ಕೇಳಿದೆ. ಗೋಡೆಯ ಕಡೆ ತಿರುಗಿಕೊಂಡು ಅಂದ, "ಓಡೋದು ಬಿಟ್ರೆ ಅವಳು ಯಾತಕ್ಕೆ ಫೋನ್ ಮಾಡ್ತಾಳಮ್ಮ?"

ಗಡಿಯಾರ ನನ್ನ ಕಾಲಿನಲ್ಲಿದ್ದ ದಿನಗಳಲ್ಲಿ, ದಿಂಬಿನ ಚೀಲ ಮುಗಿದ ಮೇಲೂ ಬಟ್ಟೆಯಿಲ್ಲದ ಬರಿ ಮೆಷಿನ್ನನ್ನು ನಾನೂ ತುಳಿಯುತ್ತಿದ್ದೆ, ನೀನು ಅಲ್ಲಿ ನೋಡುತ್ತಿರುತ್ತೀಯೆಂದು.

ಅವನು ನಿದ್ದೆ ಹೋಗಿದ್ದಾನೆ. ಗಡಿಯಾರ ಬಿಚ್ಚಿ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದೇನೆ. ಈ ಕಾಗದ ಕೈಸೇರುವ ಹೊತ್ತಿಗೆ ನಿನಗೆ ಬರೀ ಸೊನ್ನೆ ಕಾಣುತ್ತಿರುತ್ತದೆ. ಆಗ ಫೋನ್ ಮಾಡು. ಕಾಲಿಗೆ ಬೈಯುವುದಿದ್ದರೆ ಮೊದಲ ನಿಮಿಷದಲ್ಲೇ ಬೈದು ಮುಗಿಸು. ಆಮೇಲೂ ಫೋನ್ ಇಡಬೇಡ.