ಬ್ರೀಡಾ ಹೇಳಿದ್ದು

ಬಾಯ್ಲ್, ರಾಸ್ಕಾಮನ್
೯ ನವೆಂಬರ್ ೨೦೧೯, ಶನಿವಾರ ಬೆಳಿಗ್ಗೆ

ಮಗಳು ಓರ್ಲಾಗೆ,

ಹೇಗಿದ್ದೀಯೆ? ಆ ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಿನ್ನ ಚಿಕ್ಕಮ್ಮ ಫಿಲೋ ಮನೆಯಲ್ಲಿ ಹೀಟರ್ ಹಾಕುತ್ತಾಳಾ, ಇಲ್ಲ ಎಂದಿನಂತೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳಲು ಹೇಳುತ್ತಾಳಾ? ಕಾಗದ ಬರೆಯುವವರು ಮೊದಲು ಆರೋಗ್ಯ ವಿಚಾರಿಸಬೇಕೆಂದು ನಮ್ಮಮ್ಮ ಕಲಿಸಿದ್ದಳು, ವಿಚಾರಿಸಿದ್ದೇನೆ. ಇಪ್ಪತ್ತೈದು ದಿನದಿಂದ ಫೋನ್ ಎತ್ತದವಳಿಂದ ಉತ್ತರ ಬರುತ್ತದೆಂದು ಕಾದು ಕೂತಿಲ್ಲ. ಗಾಲ್ವೆ ಏನು ಚಂದ್ರಲೋಕದಲ್ಲಿಲ್ಲ, ಕಾರಿನಲ್ಲಿ ಎರಡು ಗಂಟೆಯ ದಾರಿ. ಆದರೂ ನಿನ್ನ ಸುದ್ದಿ ನನಗೆ ಫಿಲೋ ಬಾಯಿಂದ ಬರಬೇಕು, ಅದೂ ಅವಳು ಬಚ್ಚಲಿಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟಿದರೆ.

ಇಲ್ಲಿ ನಾವು ಕ್ಷೇಮ. ನಾವು ಎಂದರೆ ನಾನು ಮತ್ತು ನಿನ್ನ ಮಗಳು ಕೀವಾ. ಮರೆತಿದ್ದರೆ ನೆನಪಿಸುತ್ತೇನೆ, ಅವಳಿಗೆ ಆರು ತಿಂಗಳು ತುಂಬಿತು. ಕೆಳಗೆ ಎರಡು ಹಲ್ಲು ಬಂದಿವೆ, ನನ್ನ ಕನ್ನಡಕ ಕಡಿಯುತ್ತಾಳೆ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆ ನೊರೀನ್ ನೋಡಿಕೊಳ್ಳುತ್ತಾಳೆ, ನೋಡಿಕೊಂಡದ್ದನ್ನು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಊರಿಗೆಲ್ಲ ಹೇಳುತ್ತಾಳೆ. "ಓರ್ಲಾ ಇನ್ನೂ ಬರ್ಲಿಲ್ವಾ ಅಟ್ರಾಕ್ಟಾ?" ಎಂದು ಅವಳು ಕೇಳುವ ರಾಗ ನಿನಗೆ ಗೊತ್ತಿದೆಯಲ್ಲ. ಇನ್ನೊಬ್ಬರ ಸಂಸಾರ ಸರಿಮಾಡುವ ಕೆಲಸ ಮಾಡುವವಳ ಮಗಳೇ ಐದು ತಿಂಗಳ ಕೂಸನ್ನು ಬಿಟ್ಟು ಹೋದಳು ಎನ್ನುವುದು ಆ ರಾಗದ ಅರ್ಥ. ನೀನು ಫ್ರಿಜ್ ಮೇಲೆ ಅಂಟಿಸಿ ಹೋದ ಚೀಟಿಯನ್ನು ನಾನು ಕಿತ್ತಿಲ್ಲ. "ಅವಳಿಗೆ ನೀನೇ ಸರಿ. ನನ್ನ ಕೈಲಿ ಆಗಲ್ಲ." ಇಷ್ಟೇ. ಹಾಲು ತೆಗೆಯುವಾಗಲೆಲ್ಲ ಓದುತ್ತೇನೆ, ಓದಿದಾಗಲೆಲ್ಲ ಮೈ ಉರಿಯುತ್ತದೆ. ಯಾರ ಕೈಲಿ ಆಗುತ್ತದೆ ಹೇಳು? ನಿನ್ನನ್ನು ಹೆತ್ತಾಗ ನನ್ನ ಕೈಲೂ ಆಗುತ್ತಿರಲಿಲ್ಲ. ಮಾಡಿದೆ.

ಕೀವಾಳ ಅಪ್ಪ ಡೆಕ್ಲನ್ ಕೆಲಸಕ್ಕಿರುವ ಮೀನಿನ ಹಡಗು ಈ ತಿಂಗಳ ಇಪ್ಪತ್ತೆರಡಕ್ಕೆ ಕಿಲಿಬೆಗ್ಸ್ ಬಂದರಿಗೆ ಬರುತ್ತದೆ. ಅವನಮ್ಮ ಆಗಲೇ ಮಗುವಿಗೆ ಮಂಚ ತಂದಿಟ್ಟಿದ್ದಾಳಂತೆ. ಅವನು ಇಳಿದ ಮಾರನೇ ದಿನ ಇಬ್ಬರೂ ಇಲ್ಲಿಗೆ ಬಂದು ಕೀವಾಳನ್ನು ಕರೆದುಕೊಂಡು ಹೋಗುತ್ತಾರಂತೆ. ತಾಯಿಯೇ ಬೇಡ ಎಂದು ಹೋದ ಮೇಲೆ ಅಜ್ಜಿಯಂದಿರಲ್ಲಿ ಹೆಚ್ಚು ಕಡಿಮೆ ಏನು ಎಂದು ಆ ಹೆಂಗಸು ನನಗೆ ಫೋನಿನಲ್ಲಿ ಹೇಳಿದಳು. ಇಪ್ಪತ್ತೆರಡರೊಳಗೆ ನೀನು ಬರಬೇಕು. ಬರದಿದ್ದರೆ ಮಗು ಡೋನೆಗಾಲ್‌ನಲ್ಲಿ ಅವರ ಮನೆಯಲ್ಲಿ ಬೆಳೆಯುತ್ತದೆ, ಆಮೇಲೆ ನನ್ನ ಮುಂದೆ ಬಂದು ಅಳಬೇಡ.

ಇನ್ನು ನನ್ನ ಕೆಲಸದ ಗ್ರಹಚಾರ. ಸೆಪ್ಟೆಂಬರಿನಿಂದ ನಮಗೊಂದು ತರಬೇತಿ ನಡೆಯುತ್ತಿದೆ ಎಂದು ಹೇಳಿದ್ದೆ. ಕುಟುಂಬ ಬೆಂಬಲ ಕಾರ್ಯಕರ್ತೆಯರ ಕೌಶಲ ಹೆಚ್ಚಿಸುವುದಂತೆ. ಕಲಿಸಲು ಡಬ್ಲಿನ್‌ನಿಂದ ಫಿಂಟನ್ ಎಂಬ ಆಸಾಮಿ ಬರುತ್ತಾನೆ. ಮೆತ್ತಗಿನ ದನಿ, ಮೆತ್ತಗಿನ ಗಡ್ಡ. ಅವನು ಹೇಳುವುದು ಇಷ್ಟು: ಹೋದ ಮನೆಯಲ್ಲಿ ಸಲಹೆ ಕೊಡಬೇಡಿ. ಹೌದು-ಇಲ್ಲ ಎಂದು ಮುಗಿಸಲಾಗದ ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮೌನ ತುಂಬಿಸಲು ಹೋಗಬೇಡಿ. ಇದೆಲ್ಲ ಎಷ್ಟೋ ದೇಶಗಳ ಸಾವಿರಾರು ಮನೆಗಳಲ್ಲಿ ಪರೀಕ್ಷೆಯಾಗಿ ಸಾಬೀತಾಗಿದೆಯಂತೆ. ಮೊದಲ ದಿನವೇ ನಾನು ಎದ್ದು, "ಹಾಗಾದ್ರೆ ಇಪ್ಪತ್ತಮೂರು ವರ್ಷದಿಂದ ನಾನು ನೊಣ ಹೊಡೀತಿದ್ನಾ?" ಎಂದು ಕೇಳಿದೆ. ಅವನು ಸಿಟ್ಟಾಗಬೇಕು ತಾನೆ? ಇಲ್ಲ. "ಇಷ್ಟು ವರ್ಷದ ದುಡಿಮೆಗೆ ಬೆಲೆ ಇಲ್ಲ ಅಂತ ನಿಮಗೆ ಅನ್ನಿಸ್ತಾ ಇದೆ" ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿ, ಕೈಕಟ್ಟಿ ಕಾದ. ಹೊಡೆಯಬೇಕೆನ್ನಿಸಿತು.

ನಾನು ಮನೆಗಳಿಗೆ ಹೋಗುವ ರೀತಿ ನಿನಗೆ ಗೊತ್ತು. ಬಾಗಿಲು ತೆಗೆಯುತ್ತಲೇ ಚಹಾಕ್ಕೆ ನೀರಿಡುತ್ತೇನೆ, ತೊಟ್ಟಿಯಲ್ಲಿ ಬಿದ್ದ ಪಾತ್ರೆ ತೊಳೆಯುತ್ತೇನೆ, ಮಕ್ಕಳ ತಲೆ ಬಾಚುತ್ತೇನೆ, ಬಾಚುತ್ತಲೇ ಆ ತಾಯಿಗೆ ಏನು ಮಾಡಬೇಕೆಂದು ಹೇಳುತ್ತೇನೆ. ಎಷ್ಟು ಹೆಂಗಸರು ಇವತ್ತಿಗೂ ರಸ್ತೆಯಲ್ಲಿ ನಿಲ್ಲಿಸಿ ಮಾತಾಡಿಸುತ್ತಾರೆ. ಆ ತೊಳೆದ ಪಾತ್ರೆಗಳನ್ನು ಯಾವ ಸಂಶೋಧನೆ ಎಣಿಸಿದೆ? ಫಿಂಟನ್ ಪ್ರಕಾರ ಪಾತ್ರೆ ತೊಳೆಯುವುದು ಕೆಲವು ಸಲ ಆ ಹೆಂಗಸಿನ ಮುಖ ನೋಡುವುದನ್ನು ತಪ್ಪಿಸಿಕೊಳ್ಳುವ ಉಪಾಯವಂತೆ. ಕೇಳಿದೆಯಾ ಮಾತು?

ಅವನು ಕೊಟ್ಟ ಹೋಂವರ್ಕ್ ನೆನಪಿದೆಯಲ್ಲ. ಮನೆಯವರೊಬ್ಬರನ್ನು ಕೂರಿಸಿಕೊಂಡು, ಅವರು ಕಷ್ಟದಲ್ಲಿರುವ ತಾಯಿಯಂತೆ ನಟಿಸಬೇಕು, ನಾವು ಮಾತಾಡಿಸಬೇಕು, ರೆಕಾರ್ಡ್ ಮಾಡಿ ತರಬೇಕು. ಅಕ್ಟೋಬರ್ ಹದಿಮೂರು, ಭಾನುವಾರ. ಕುರಿ ಮಾಂಸ, ಆಲೂಗಡ್ಡೆ ಊಟ ಮುಗಿದಿತ್ತು, ನಿನ್ನನ್ನೇ ಕೂರಿಸಿಕೊಂಡೆ. ರೆಕಾರ್ಡ್ ಮಾಡಲು ಒಪ್ಪಿಗೆ ಪತ್ರದಲ್ಲಿ ನಿನ್ನ ಹೆಸರಿನ ಬದಲು ಸುಳ್ಳು ಹೆಸರು ಬರೆಯಬೇಕಿತ್ತು, ನೀನು "ಬ್ರೀಡಾ ಅಂತ ಬರ್ಕೋ" ಎಂದೆ. ಫೋನನ್ನು ಸಕ್ಕರೆ ಬಟ್ಟಲಿಗೆ ಒರಗಿಸಿಟ್ಟೆ. ಹದಿನೆಂಟು ನಿಮಿಷ. ಸೋಮವಾರ ತೆಗೆದುಕೊಂಡು ಹೋಗಿ ಕೊಟ್ಟೆ, ಮಂಗಳವಾರ ನೀನು ಮನೆ ಬಿಟ್ಟೆ. ಆ ರೆಕಾರ್ಡಿಂಗನ್ನು ನಾನು ತಿರುಗಿ ಕೇಳಲೂ ಇಲ್ಲ. ನನ್ನ ಕೆಲಸ ನನಗೆ ಗೊತ್ತಿಲ್ಲವಾ?

ಮೊನ್ನೆ ಗುರುವಾರ ನನ್ನ ಸರದಿ ಬಂತು. ಫಿಂಟನ್ ಆ ರೆಕಾರ್ಡಿಂಗನ್ನು ಒಂಬತ್ತು ಜನರ ಮುಂದೆ ಹಾಕಿದ. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ, ನಾನು ಸಲಹೆ ಕೊಟ್ಟಾಗ ಒಂದು ಗೀಟು, ಪ್ರಶ್ನೆ ಕೇಳಿದಾಗ ಒಂದು ಗೀಟು. ಸಲಹೆ ನಲವತ್ತೊಂದು. ಪ್ರಶ್ನೆ ಒಂದು. ಆ ಒಂದೂ "ಇನ್ನೇನು ಬೇಕು ನಿನಗೆ?" ಎಂದು ಬೈದದ್ದು, ಪಾಪ, ಲೆಕ್ಕಕ್ಕೆ ಹಿಡಿದರು. ಮಾನ ಹೋಯಿತು ಎನ್ನುವುದು ಸಣ್ಣ ಮಾತು. ನಾನೇ ಕೆಲಸ ಕಲಿಸಿದ ಹುಡುಗಿಯರು ಅಲ್ಲಿ ಕೂತಿದ್ದರು.

ಆದರೆ ನನ್ನ ಸಿಟ್ಟು ಅವರ ಮೇಲಲ್ಲ, ನಿನ್ನ ಮೇಲೆ. ಬ್ರೀಡಾ ಏನು ಹೇಳಿದಳು ಗೊತ್ತಲ್ಲ? "ಅದು ಅತ್ತಾಗ ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಣಗಾಕೋ ಹಾಗೆ ಮಾಡ್ತೀನಿ. ಬಟ್ಟೇನೇ ಇರಲ್ಲ. ಹಗ್ಗ ಹಿಡ್ಕೊಂಡು ನಿಂತಿರ್ತೀನಿ." ಆಗ ನನ್ನ ದನಿ ಬರುತ್ತದೆ, ಎಲ್ಲರೂ ಕೇಳುವ ಹಾಗೆ: "ಅಷ್ಟೊಂದು ಅತಿ ಮಾಡ್ಬೇಡ ಕಣೇ, ನಂಬೋ ಹಾಗಿರ್ಲಿ." ಕೋಣೆಯಲ್ಲಿ ಯಾರೋ ಪೆನ್ನು ಕೆಳಗಿಟ್ಟ ಸದ್ದಾಯಿತು. ಫಿಂಟನ್ ಅಲ್ಲಿಗೆ ನಿಲ್ಲಿಸಲಿಲ್ಲ, ಇನ್ನೂ ಸ್ವಲ್ಪ ಓಡಿಸಿದ. ಮುಂದಿನದನ್ನು ಬರೆಯುವುದಿಲ್ಲ. ನಿನ್ನನ್ನು ಆ ಹಗ್ಗದ ಹತ್ತಿರ ನಾನು ಎಷ್ಟು ಸಲ ನೋಡಿದ್ದೇನೆ! ಬಟ್ಟೆ ತರಲು ಹೋದವಳು ಬರಿಗೈಯಲ್ಲಿ ಬರುತ್ತೀಯಲ್ಲ ಎಂದು ಬೈದೂ ಇದ್ದೇನೆ. ನಿನಗೆ ಬಾಯಿರಲಿಲ್ಲವಾ? ಅಮ್ಮಾ, ಬ್ರೀಡಾ ಅಲ್ಲ, ನಾನು ಎಂದು ಒಂದು ಮಾತು ಹೇಳಿದ್ದರೆ? ನಿನ್ನ ಸ್ವಂತ ತಾಯಿಗೆ ಹೇಳಲು ನಿನಗೆ ಸುಳ್ಳು ಹೆಸರು ಬೇಕಾಯಿತಾ? ಇಂಥದ್ದನ್ನು ನಾನು ಬೇರೆ ಅಡುಗೆಮನೆಗಳಲ್ಲಿ ಎಷ್ಟೋ ಸಲ ಬಾಗಿಲಲ್ಲೇ ಗುರುತು ಹಿಡಿದಿದ್ದೇನೆ. ನನ್ನ ಮನೆಯಲ್ಲಿ ಮಾತ್ರ ನನ್ನನ್ನು ಕುರುಡಿ ಮಾಡಿದೆ, ಅದಕ್ಕಾಗಿ ನಿನ್ನನ್ನು ಕ್ಷಮಿಸುವುದು ಕಷ್ಟ.

ಸರಿ. ಬೆಳಿಗ್ಗೆ ಬೇಗ ಏಳು. ಫಿಲೋ ಮಾಡುವ ಗಂಜಿ ಕುಡಿ, ಚೆನ್ನಾಗಿಲ್ಲದಿದ್ದರೂ ಕುಡಿ. ಕೂದಲು ತೊಳೆದುಕೋ. ಸಮುದ್ರದ ದಂಡೆಗೆ ಹೋಗಿ ಗಾಳಿ ಕುಡಿ. ಡಾಕ್ಟರ ಹತ್ತಿರ ಹೋಗು, ಹೋದರೆ ಇದ್ದದ್ದು ಇದ್ದ ಹಾಗೆ ಹೇಳು. ಇಪ್ಪತ್ತೆರಡು ಮರೆಯಬೇಡ. ಫಿಲೋಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ, ನಾನು ಎಷ್ಟೇ ಬೈದರೂ.

ಇಂತಿ ನಿನ್ನ ಅಮ್ಮ,
ಅಟ್ರಾಕ್ಟಾ

ವಿ.ಸೂ. ಇಲ್ಲಿಂದ ಮುಂದಿನದನ್ನು ಗಾಲ್ವೆಯಲ್ಲಿ, ಫಿಲೋ ಮನೆಯ ಎದುರು ರಸ್ತೆಯಲ್ಲಿ, ಕಾರಿನ ಸ್ಟೀರಿಂಗ್ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಅದಕ್ಕೆ. ಕಾಗದವನ್ನು ಪೋಸ್ಟಿಗೆ ಹಾಕಲು ಹೋದವಳು ಅಂಚೆ ಡಬ್ಬಿಯ ಮುಂದೆ ನಿಂತು ತಿರುಗಿ ಓದಿದೆ. ಫಿಂಟನ್ ಹಾಳೆಯಂತೆ ಗೀಟು ಹಾಕಿದೆ. ಪ್ರಶ್ನೆಗಳೇನೋ ಬೇಕಾದಷ್ಟಿವೆ, ಒಂದಕ್ಕೂ ನೀನು ಉತ್ತರ ಹೇಳಲು ನಾನು ಜಾಗ ಬಿಟ್ಟಿಲ್ಲ. ಡಬ್ಬಿಗೆ ಹಾಕಲು ಕೈ ಬರಲಿಲ್ಲ, ಹಾಗೇ ಕಾರು ಹತ್ತಿದೆ.

ಬರೆಯುವುದಿಲ್ಲ ಎಂದದ್ದನ್ನು ಬರೆಯುತ್ತೇನೆ. ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಾ, ಎಲ್ಲ ಸರಿಹೋಗುತ್ತದೆ ಎಂದು ನಾನು ಬ್ರೀಡಾಗೆ ಹೇಳಿದೆ. ನೀನು, "ಹೋಗಿದ್ದೆ ಅಮ್ಮಾ. ಗಾಡಿ ತಳ್ಕೊಂಡು ಸೇತುವೆವರೆಗೂ ಹೋಗಿದ್ದೆ" ಎಂದೆ. ಅಮ್ಮಾ ಎಂದೇ ಹೇಳಿದ್ದೀಯೆ, ಅಂದರೆ ಹೇಳಿದ್ದು ಬ್ರೀಡಾ ಅಲ್ಲ, ನೀನೇ. ಹೇಳಲಿಲ್ಲವೆಂದು ಸುಮ್ಮನೆ ನಿನ್ನ ಮೇಲೆ ತಪ್ಪು ಹೊರಿಸಿದೆ. ಆಮೇಲೆ ಹನ್ನೊಂದು ಸೆಕೆಂಡು ಏನೂ ಇಲ್ಲ, ನೀನು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಆಮೇಲೆ ನಾನು, "ಸರಿ ಸಾಕು, ಬಾ, ಪಾತ್ರೆ ತೊಳೆಯೋಣ" ಎನ್ನುತ್ತೇನೆ.

ಗುರುವಾರವೇ ಫಿಲೋಗೆ ಫೋನ್ ಮಾಡಿ ನಿನ್ನನ್ನು ಒಬ್ಬಳನ್ನೇ ಬಿಡಬೇಡ ಎಂದಿದ್ದೆ, ಅವಳ ಮೇಲೆ ಸಿಟ್ಟಾಗಬೇಡ. ಕೀವಾ ನೊರೀನ್ ಹತ್ತಿರ ಇದ್ದಾಳೆ. ಮಗುವನ್ನು ನಿನ್ನ ಮುಂದೆ ಹಿಡಿದು ನಿನ್ನನ್ನು ಅಳಿಸಲು ಬಂದಿಲ್ಲ. ಇಪ್ಪತ್ತೆರಡನೇ ತಾರೀಖು ಬಿಟ್ಟುಬಿಡು, ಡೆಕ್ಲನ್‌ಗೂ ಅವನಮ್ಮನಿಗೂ ನಾನು ಹೇಳಿಕೊಳ್ಳುತ್ತೇನೆ. ಇದನ್ನು ಬಾಗಿಲ ಸಂದಿಯಲ್ಲಿ ಹಾಕಿ ಬಂದು ಕಾರಿನಲ್ಲಿ ಕೂತಿರುತ್ತೇನೆ. ಪಕ್ಕದ ಸೀಟಿನ ಮೇಲಿದ್ದ ಸಾಮಾನೆಲ್ಲ ಹಿಂದಕ್ಕೆ ಹಾಕಿದ್ದೇನೆ. ಬಂದು ಕೂತುಕೋ. ಸೇತುವೆ ಹತ್ತಿರ ಏನಾಯಿತು ಎಂದು ಕೇಳುತ್ತೇನೆ, ಅಷ್ಟೇ, ಆಮೇಲೆ ಎಷ್ಟು ಹೊತ್ತಾದರೂ ನಾನು ಬಾಯಿ ತೆರೆಯುವುದಿಲ್ಲ.