ಅತ್ತೆಯ ಹೊಸ ಸ್ಲೇಟು

ಜುಲೈ ೧೪, ಸೋಮವಾರ

ಸಿಟ್ಟಿಗೆ ಮೈಯೆಲ್ಲ ಇನ್ನೂ ಉರಿಯುತ್ತಿದೆ. ಮನುಷ್ಯನ ಮನಸ್ಸು ಕೊನೆಯುಸಿರಿನ ತನಕ ಬೆಳೆಯುತ್ತದೆ ಎಂದು ಬೆಳಿಗ್ಗೆ ಸಿಂಗಾನಲ್ಲೂರಿನ ಕಾಲೇಜಿನಲ್ಲಿ ಒಂದು ಗಂಟೆ ಪಾಠ ಮಾಡಿ ಬಂದವಳು ನಾನು.

ಸಂಜೆ ಅತ್ತೆ ಹೊಸ ಸ್ಲೇಟು ತಂದು ನನ್ನ ಮುಂದಿಟ್ಟರು. ಎಪ್ಪತ್ತೊಂದು ವರ್ಷ ಈ ತಮಿಳು ಸೀಮೆಯಲ್ಲೇ ಕನ್ನಡ ಮಾತಾಡಿದವರು, ಶಾಲೆಯಲ್ಲಿ ಕಲಿತದ್ದು ತಮಿಳಾದ್ದರಿಂದ ದೇವರನಾಮಗಳನ್ನು ತಮಿಳು ಅಕ್ಷರದಲ್ಲಿ ಬರೆದಿಟ್ಟುಕೊಂಡವರು. "ನಂಗೆ ಕನ್ನಡ ಎಳುತ್ತು, ಅ ಆ ಇ ಈ, ಹೇಳಿಕೊಡ್ತೀಯಾಮ್ಮಾ?" ಎಂದರು.

"ಈ ವಯಸ್ಸಲ್ಲಿ ಎದುಕ್ಕಮ್ಮಾ?" ಎಂದು ನನ್ನ ಗಂಡ ವಾದೀಶ ನಕ್ಕ. ಅವನ ಬಾಯಿ ಮುಚ್ಚಿಸಬೇಕಿತ್ತು. ನಾನೂ ನಕ್ಕೆ. ಅತ್ತೆ ಏನೂ ಬರೆಯದ ಸ್ಲೇಟನ್ನು ಸೆರಗಿನಿಂದ ಒರೆಸಿಕೊಂಡು ಒಳಗೆ ಹೋದರು.

ವಾದೀಶನ ಮೇಲಿನ ಸಿಟ್ಟೆಲ್ಲ ಬರೀ ನೆಪ. ಈ ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಅದಕ್ಕೇ ಹನ್ನೊಂದು ವರ್ಷದಿಂದ ಈ ದಿನಚರಿ ಪುಸ್ತಕವನ್ನು ಬಚ್ಚಿಟ್ಟಿಲ್ಲ. ಅತ್ತೆಯ ಬಗ್ಗೆ ಬರೆದದ್ದೆಲ್ಲ ಇದರಲ್ಲೇ ಇದೆ.